ಪಖಾಲಿ ಮನೆಯ ಮಸ್ತಾನಬಿ ಬಾವಿಗಿಳಿದದ್ದು

ಸುರಪುರದಿಂದ ನಾರಾಯಣಪುರದ ಕಡೆ ಹೋಗುವ ಬಸ್ಸಿನಲ್ಲಿ ತುಸು ತೂಕಡಿಸಿದರೆ ಸಾಕು, ಗುಂಡಕೇರಿ ಹಿಂದೆ ಬಿದ್ದಿರುತ್ತದೆ. ಅಷ್ಟು ಸಣ್ಣ ಊರು. ಬೆನ್ನಿಗೆ ಬಂಡೆಗಲ್ಲಿನ ಗುಡ್ಡ, ಮುಂದೆ ಎರೆಹೊಲ, ಅದರಾಚೆ ಕಾಲುವೆ. ಕಾಲುವೆಗೆ ನೀರು ಬಂದ ಮೇಲೆ ಜೋಳದ ಹೊಲಗಳು ಭತ್ತದ ಗದ್ದೆಗಳಾದವು, ಗದ್ದೆ ಮಾಡುವವರು ಆಂಧ್ರದಿಂದ ಬಂದು ಕ್ಯಾಂಪು ಕಟ್ಟಿಕೊಂಡರು, ಅವರ ಹಿಂದೆ ಗೊಬ್ಬರದ ಅಂಗಡಿ ಬಂತು, ಅದರ ಹಿಂದೆ ಬೇಕರಿ ಬಂತು. ಜನ ಹೆಚ್ಚಿ ಹಳ್ಳಿ ಪಟ್ಟಣ ಪಂಚಾಯ್ತಿ ಆಯಿತು. ಆದರೆ ಈ ಊರು ಹುಟ್ಟಿದ್ದು ಹೇಗೆ ಎಂದು ಹಿರಿಯರನ್ನು ಕೇಳಿ ನೋಡಿ, ಕಾಲುವೆಯ ಹೆಸರನ್ನು ಯಾರೂ ಎತ್ತುವುದಿಲ್ಲ. ಎಲ್ಲರೂ ಬೆರಳು ತೋರಿಸುವುದು ಗುಡ್ಡದ ಬುಡದ ಮೆಟ್ಟಿಲುಬಾವಿಗೆ. ಸುರಪುರದ ದೊರೆಗಳ ಕಾಲದ್ದಂತೆ. ಬಾವಿ ಮೊದಲು, ಊರು ಆಮೇಲೆ.

ಆ ಬಾವಿಯ ನೀರನ್ನು ಮನೆಮನೆಗೆ ಮುಟ್ಟಿಸುತ್ತಿದ್ದವರು ಪಖಾಲಿಯವರು. ಕೋಣದ ಬೆನ್ನಿಗೆ ತೊಗಲಿನ ದೊಡ್ಡ ಚೀಲ ಹೇರಿ ಓಣಿ ಓಣಿ ತಿರುಗಿ ಹಂಡೆ ತುಂಬಿಸುತ್ತಿದ್ದ ಮುಸಲ್ಮಾನರ ಮನೆತನ ಅದು. ಮಸ್ತಾನಬಿ ಆ ಮನೆಯ ಸೊಸೆ. ನಳ ಬಂದ ಮೇಲೆ ಅವಳ ಗಂಡ ರಾಜಾಸಾಬ ಕೋಣ ಮಾರಿ ಗೋದಾಮಿನಲ್ಲಿ ಚೀಲ ಹೊರುವ ಕೆಲಸಕ್ಕೆ ಹೋದ. ನೀರು ಹೋಯಿತು, ಮರ್ಯಾದೆ ಒಂದು ಉಳಿಯಿತು. ವರ್ಷಕ್ಕೊಮ್ಮೆ, ಬೇಸಿಗೆ ಬಲಿಯುವ ಮುಂಚೆ ಊರವರು ಬಾವಿಯ ಹೂಳು ಎತ್ತುವಾಗ ಮೊದಲ ಬುಟ್ಟಿ ಪಖಾಲಿ ಮನೆಯವರದು. ಕಿರಾಣಿ ಅಂಗಡಿಯ ಮಲ್ಲಣ್ಣನ ಮನೆಯಿಂದ ವೀಳ್ಯ ಬರಬೇಕು, ರಾಜಾಸಾಬ ಅದನ್ನು ಹಣೆಗೆ ಒತ್ತಿಕೊಂಡು ಇಳಿಯಬೇಕು. ಅವನ ಬುಟ್ಟಿ ಮೇಲೆ ಬರುವ ತನಕ ಬೇರೆ ಯಾರೂ ಮೆಟ್ಟಿಲಿಗೆ ಕಾಲಿಡುವಂತಿಲ್ಲ.

ರಾಜಾಸಾಬ ತೀರಿಕೊಂಡ ವರ್ಷ ವೀಳ್ಯ ಬರಲಿಲ್ಲ. ಮರುವರ್ಷವೂ ಬರಲಿಲ್ಲ, ಅದರ ಮುಂದಿನ ವರ್ಷವೂ ಇಲ್ಲ. ಮಗ ಅಬ್ರಾರನಿಗೆ ಇದು ಎದೆಗೆ ನಾಟಿತು. "ಅಬ್ಬಾ ಹೋದ, ನಮ್ಮ ಮಾನಾನೂ ಹೋತು" ಎಂದು ಗಂಟು ಕಟ್ಟಿ ಕಡೇಚೂರಿನ ಫ್ಯಾಕ್ಟರಿ ಸೇರಿದ. ಮಸ್ತಾನಬಿಗೂ ಹೊಟ್ಟೆಯಲ್ಲಿ ಬೆಂಕಿ ಇತ್ತು, ಬಾಯಿಯಲ್ಲಿ ಮಾತ್ರ ಬೀಗ. ಕರೆಯದವರ ಮನೆಗೆ ತಾನಾಗಿ ಹೋಗುವ ಜಾತಿಯ ಹೆಂಗಸಲ್ಲ ಅವಳು. ಇತ್ತ ಬಾವಿ ತುಂಬುತ್ತ ಬಂತು, ನೀರಿನಿಂದಲ್ಲ, ಪ್ಲಾಸ್ಟಿಕ್ಕಿನಿಂದ, ಬೇಕರಿಯ ಡಬ್ಬಗಳಿಂದ, ಹರಿದ ಗೊಬ್ಬರದ ಚೀಲಗಳಿಂದ.

ಸಂತೆಯ ದಿನ ಪಂಚಾಯ್ತಿಯ ಆಟೋ ಮೈಕಿನಲ್ಲಿ ಕೂಗುತ್ತ ಬಂತು. ಊರಿನ ಜನಸಂಖ್ಯೆ ಬೆಳೆದಿದೆ, ಮಳಿಗೆ ಸಾಲುತ್ತಿಲ್ಲ, ಹಾಳುಬಾವಿಯನ್ನು ಶುಕ್ರವಾರ ಮುಚ್ಚಿ ಅಲ್ಲಿ ಮಳಿಗೆ ಕಟ್ಟಲಾಗುವುದು. ಉಳ್ಳಾಗಡ್ಡಿ ಆರಿಸುತ್ತಿದ್ದ ಮಸ್ತಾನಬಿ ಚೀಲವನ್ನು ಅಲ್ಲೇ ಬಿಟ್ಟು ಎದ್ದಳು. ಬೀಗ ಒಡೆಯಿತು. ನೆಟ್ಟಗೆ ಮಲ್ಲಣ್ಣನ ಅಂಗಡಿಗೇ ಹೋದಳು.

"ಯಣ್ಣಾ, ಬಾವಿ ಮುಚ್ಚತಾರಂತ. ನೀ ತಕ್ಕಡಿ ಹಿಡಕೊಂಡು ಕುಂತೀದಿ!"

"ಏನ್ ಮಾಡೂದು ಯಕ್ಕಾ" ಎಂದ ಮಲ್ಲಣ್ಣ. "ಹೂಳು ತಗದಿದ್ರ ಈ ಗತಿ ಬರ್ತಿದ್ದಿಲ್ಲ."

"ಮತ್ತ್ಯಾಕ ತಗೀಲಿಲ್ಲ?"

ಮಲ್ಲಣ್ಣ ಅವಳ ಮುಖವನ್ನೇ ನೋಡಿದ. "ನಿಮ್ಮ ಮನೀ ಬುಟ್ಟಿ ಏಳದ ನಾವು ಹೆಂಗ ಕೈ ಹಚ್ಚಬೇಕು? ನೀವು ಹೇಳಿ ಕಳಸ್ತೀರಿ ಅಂತ ಊರೆಲ್ಲಾ ಕಾಯಾಕತ್ತಿತ್ತು."

"ವೀಳ್ಯ ಬರದ ನಾ ಹೆಂಗ ಹೇಳಿ ಕಳಸಲಿ?"

"ಸಾವಾದ ಮನಿಗಿ ವೀಳ್ಯ ಒಯ್ಯತಾರೇನು ಯಕ್ಕಾ? ದುಃಖ ಆರಿದ ಮ್ಯಾಲ ನೀವಾಗೇ ಒಂದು ಮಾತು ಹೇಳ್ತೀರಿ ಅಂದ್ಕೊಂಡ್ವಿ. ಅಷ್ಟರಾಗ ಅಬ್ರಾರ ಮಾತು ಬಿಟ್ಟ. ಸಿಟ್ಟಿನಾಗ ಇದ್ದವರ ಬಾಗಿಲಿಗಿ ಹೆಂಗ ಬರೂದು?"

ಮಸ್ತಾನಬಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವರು ಇವರ ದುಃಖಕ್ಕೆ ಮರ್ಯಾದೆ ಕೊಟ್ಟು ಕಾದರು, ಇವರು ಅವರ ವೀಳ್ಯಕ್ಕೆ ಕಾದರು. ಒಬ್ಬರ ಮನಸ್ಸು ನೋಯಿಸಬಾರದೆಂದು ಒಬ್ಬರು ಸುಮ್ಮನಿದ್ದು, ಎಲ್ಲರೂ ಸೇರಿ ಬಾವಿಯನ್ನು ಕೊಂದಿದ್ದರು. ಇಷ್ಟು ಅಚ್ಚುಕಟ್ಟಾಗಿ ಕೆಡುಕು ಮಾಡಲು ಗುಂಡಕೇರಿಯವರಿಗೇ ಸಾಧ್ಯ. ಗಂಡ ಸತ್ತಾಗಲೂ ಊರ ಮುಂದೆ ಅಳದ ಹೆಂಗಸು ಅಂಗಡಿಯ ಕಟ್ಟೆಯ ಮೇಲೆ ಕೂತು ಗಳಗಳ ಅತ್ತಳು. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು, "ಶುಕ್ರವಾರಕ್ಕ ಮುಂಚೆ ಹೂಳು ಏಳ್ತದ. ಊರಿಗಿ ಹೇಳು" ಎಂದಳು.

ಮನೆಗೆ ಬಂದು ಅಬ್ರಾರನಿಗೆ ಫೋನು ಹಚ್ಚಿದಳು. ನಡೆದದ್ದೆಲ್ಲ ಹೇಳಿದಳು. ಅವನ ಸಿಟ್ಟು ಇಳಿಯಲಿಲ್ಲ.

"ಅಮ್ಮೀ, ನಿಂಗ್ಯಾಕ ಬೇಕು ಈ ಉಸಾಬರಿ? ನನಗ ರಜಾ ಸಿಗಂಗಿಲ್ಲ. ಗಂಡಸು ಇಲ್ಲದ ಬುಟ್ಟಿ ಹೆಂಗ ಏಳ್ತದ?"

"ಬುಟ್ಟಿಗಿ ಕೈ ಬೇಕು, ಮೀಸಿ ಬ್ಯಾಡ" ಎಂದು ಫೋನು ಇಟ್ಟಳು.

ಗುರುವಾರ ಬೆಳಗ್ಗೆ ಬಾವಿಯ ಸುತ್ತ ಜನ ನೆರೆದರು. ಕಟ್ಟೆಯ ಮೇಲೆ ಸಾಲಾಗಿ, ಕೈಕಟ್ಟಿ, ಬಹಳ ಮರ್ಯಾದೆಯಿಂದ ನಿಂತರು. ಮಲ್ಲಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿ ತಟ್ಟೆಯಲ್ಲಿ ವೀಳ್ಯ ಹಿಡಿದು ಬಂದಿದ್ದ. ಪಖಾಲಿಯವರು ಇಳಿಯುತ್ತಿದ್ದ ಮೆಟ್ಟಿಲ ಕಡೆಗೇ ಕಸ ಎಲ್ಲಕ್ಕಿಂತ ಎತ್ತರ ಬಿದ್ದಿತ್ತು, ಯಾರೂ ಬಳಸದ ಮಗ್ಗುಲೆಂದು. ಮಸ್ತಾನಬಿ ಸೀರೆ ಮೇಲಕ್ಕೆ ಸಿಕ್ಕಿಸಿ, ಟೊಂಕ ಕಟ್ಟಿ, ಬುಟ್ಟಿ ಹಿಡಿದು ಬಂದಳು. ಮಲ್ಲಣ್ಣ ತಟ್ಟೆ ಮುಂದೆ ಚಾಚಿದ. ಅವಳು ಅದನ್ನು ನೋಡಿದಳು. ಇಷ್ಟು ವರ್ಷ ಬಾಗಿಲು ತೆರೆದಿಟ್ಟು ಕಾದದ್ದು ಇದಕ್ಕೇ.

"ವೀಳ್ಯ ಆಮ್ಯಾಲ ಯಣ್ಣಾ. ತಟ್ಟಿ ಕೆಳಗಿಡು, ಬುಟ್ಟಿ ಹಿಡಿ."

ಕೂತು, ಕೈಯೂರಿ, ಒಂದೊಂದೇ ಮೆಟ್ಟಿಲು ಜಾರುತ್ತ ಅವಳು ಕಸದೊಳಗೆ ಇಳಿದಳು. ಮೊಣಕಾಲು ಚುಚ್ಚುತ್ತಿತ್ತು. ಬಾಚಿ ಬಾಚಿ ಬುಟ್ಟಿ ತುಂಬಿ ತಲೆಯ ಮೇಲೆತ್ತಿ ಹಿಡಿದಳು. ಇಸ್ತ್ರಿ ಅಂಗಿಯ ಮಲ್ಲಣ್ಣ ಬಗ್ಗಿ ಅದನ್ನು ತೆಗೆದುಕೊಂಡ. ಕಸದ ನೀರು ಅವನ ಎದೆಯ ಮೇಲೆ ಇಳಿಯಿತು. ತರಕಾರಿ ಮಾರುವ ಹಂಪಮ್ಮ, "ಇನ್ನೂ ಯಾಕ ನಿಂತೀರಿ, ಕಲ್ಲಿನ ಗ್ವಾಡಿ ಹಂಗ!" ಎಂದು ಗದರಿಸಿ ಧುಮುಕಿದಳು. ಆಮೇಲೆ ಕಟ್ಟೆ ಖಾಲಿಯಾಯಿತು.

ಒಂದು ಹಗಲಿನಲ್ಲಿ ಮುಗಿಯುವ ಕೆಲಸವಾಗಿರಲಿಲ್ಲ. ಶುಕ್ರವಾರ ಹೊತ್ತು ಹುಟ್ಟುವ ಮೊದಲೇ ಮತ್ತೆ ಇಳಿದರು. ಕ್ಯಾಂಪಿನವರೂ ಸಲಿಕೆ ಹಿಡಿದು ಬಂದರು, ನಮಾಜು ಮುಗಿಸಿದವರೂ ಬಂದರು, ಗುಡಿಯ ಪೂಜಾರಿಯೂ ಬಂದ. ಅಷ್ಟರಲ್ಲಿ ಮಣ್ಣು ತುಂಬಿದ ಟಿಪ್ಪರುಗಳು ಬಂದು ನಿಂತವು. ಪಂಚಾಯ್ತಿಯ ಎಂಜಿನಿಯರ್ ಇಳಿದು ನೋಡಿದ. ಮೇಲೆ ಒಂದು ನರಪಿಳ್ಳೆ ಇಲ್ಲ. ಬಾವಿಯೊಳಗೆ ಬಗ್ಗಿ ಕೂಗಿದ:

"ಯಾರ್ರೀ ಅದು? ಮೇಲೆ ಬನ್ನಿ. ಮಣ್ಣು ಹಾಕಬೇಕು. ಊರು ಬೆಳೆದಿದೆ, ಜನಕ್ಕೆ ಮಳಿಗೆ ಬೇಕು."

ತಳದ ಕೆಸರಿನಲ್ಲಿ ಮೊಣಕಾಲಮಟ ನಿಂತಿದ್ದ ಮಸ್ತಾನಬಿ ತಲೆ ಎತ್ತಿದಳು. ಮುಖಕ್ಕೆಲ್ಲ ರಾಡಿ ಮೆತ್ತಿತ್ತು, ಕಣ್ಣೆರಡು ಮಾತ್ರ ಕಾಣುತ್ತಿದ್ದವು.

"ಯಾವ ಜನಕ್ಕರೀ ಸಾಹೇಬ್ರ?" ಎಂದಳು. "ಜನ ಎಲ್ಲಾ ಇಲ್ಲೇ ಕೆಳಗ ಅದೇವಿ. ಹಾಕೂದಿದ್ರ ನಮ್ಮ ಮ್ಯಾಲೇ ಹಾಕ್ರಿ."

ಉತ್ತರಕ್ಕೆ ಕಾಯದೆ ತುಂಬಿದ ಬುಟ್ಟಿಯನ್ನು ಪಕ್ಕದವರ ಕೈಗೆ ದಾಟಿಸಿದಳು.