ಚಿಪ್‌ನ ಕಾಲು ಕಾಯುವ ಲ್ವಾನಕ್ಕ

ಬೆಳಕು ಹರಿಯುವ ಹೊತ್ತು. ಕೌಹು ಕರಾವಳಿಯ ಕೊಳದಲ್ಲಿ ಹೂಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿವೆ. ದಡದಲ್ಲಿ ಮಂಡಿಯೂರಿ ಕುಳಿತ ವೆಂಗ್ ಸು-ಲ್ವಾನ್, ನೀರು ಚಿಮ್ಮಿಸುವ ಚಕ್ರಗಳನ್ನು ನಡೆಸುವ ಪೆಟ್ಟಿಗೆಗೆ ಮೀಟರು ಹಚ್ಚಿ ನೋಡುತ್ತಿದ್ದಾರೆ. ಅರವತ್ತು ದಾಟಿದ ಈ ರಿಪೇರಿಯಾಕೆ ಊರಿಗೆಲ್ಲ ಲ್ವಾನಕ್ಕ.

"ಚಿಪ್‌ನ ಕಾಲು ಸುಟ್ಟಿದೆ ಕಣೋ. ನಿನ್ನೆ ಸಂಜೆ ಗುಡುಗಿತಲ್ಲ, ಆಗಲೇ ಹೋಗಿದೆ," ಎನ್ನುತ್ತಾರೆ.

ಕೊಳದ ಯಜಮಾನ ಥಿಯೆನ್-ಫುಗೆ ಅದು ಕೇಳಿಸುವುದಿಲ್ಲ. ಪೆಟ್ಟಿಗೆಯ ಮೇಲಿದ್ದ ಹಸಿರು ಕುರುಕಲು ಪೊಟ್ಟಣವನ್ನು ತಿರುಗಿಸಿ ನೋಡುತ್ತಿದ್ದಾನೆ. ಯಂತ್ರ ಹಟ ಮಾಡದೆ ಜಾಣಮರಿಯಾಗಿರಲಿ ಎಂದು ಇಲ್ಲಿ ಎಲ್ಲರೂ ಇಡುವ ಪೊಟ್ಟಣ ಅದು. ಹಸಿರೇ ಆಗಬೇಕು, ತಾರೀಖು ಮೀರಿರಬಾರದು.

"ನೋಡಕ್ಕಾ, ಹೋದ ತಿಂಗಳೇ ಮುಗಿದಿದೆ! ಹೊಸದು ತಂದಿಡು ಅಂತ ನಮ್ಮನೆಯವಳಿಗೆ ಬಡ್ಕೊಂಡೆ."

"ನಾನೂ ಅಂಗಡೀಲಿ ಇಡ್ತೀನಪ್ಪ. ಆದ್ರೆ ಸಿಡಿಲೇನು ತಿಂಡಿ ಕೊಟ್ರೆ ಸುಮ್ಮನಾಗೋ ಮಗುವಾ? ನಾನು ಹಾಕಿದ್ದ ಡಬ್ಬಿ ಎಲ್ಲೋ?"

ಥಿಯೆನ್-ಫು ನೀರಿನ ಕಡೆ ಮುಖ ತಿರುಗಿಸುತ್ತಾನೆ.

ಆ ಡಬ್ಬಿ ಬೆಂಕಿಪೊಟ್ಟಣದಷ್ಟೇ ದೊಡ್ಡದು. ನೀರಿನಲ್ಲಿ ಆಮ್ಲಜನಕ ಎಷ್ಟಿದೆ ಎಂದು ಹೇಳುವ ತಂತಿ ಕೊಳದ ಮೇಲೆ ಉದ್ದಕ್ಕೆ ಹಾದು ಬಂದು ಪೆಟ್ಟಿಗೆಯೊಳಗಿನ ಚಿಪ್‌ನ ಒಂದು ಕಾಲಿಗೆ, ಅಂದರೆ ಕೂದಲೆಳೆಯಂಥ ಲೋಹದ ಕಡ್ಡಿಗೆ, ಸೇರುತ್ತದೆ. ಎಲ್ಲೋ ದೂರ ಸಿಡಿಲು ಹೊಡೆದರೂ ಆ ತಂತಿಯಲ್ಲಿ ವಿದ್ಯುತ್ತು ಉಕ್ಕುತ್ತದೆ. ಅಷ್ಟನ್ನು ತಾಳುವ ಶಕ್ತಿ ಚಿಪ್‌ನ ಕಾಲಿಗಿಲ್ಲ. ತಂತಿಗೂ ಕಾಲಿಗೂ ನಡುವೆ ಕೂರುವ ಡಬ್ಬಿಯೊಳಗಿನ ರೆಸಿಸ್ಟರ್ ಅದರ ರಭಸ ಮುರಿಯುತ್ತದೆ, ಡಯೋಡ್ ಮಿಕ್ಕದ್ದನ್ನು ನೆಲಕ್ಕೆ ಹರಿಸುತ್ತದೆ. ಡಬ್ಬಿ ಇಲ್ಲದಿದ್ದರೆ ಕಾಲು ಸುಡುತ್ತದೆ. ಸುಟ್ಟ ಕಾಲು ಒಮ್ಮೊಮ್ಮೆ 'ಆಮ್ಲಜನಕ ಬೇಕಾದಷ್ಟಿದೆ' ಎಂದೇ ಹೇಳುತ್ತಿರುತ್ತದೆ. ಪೆಟ್ಟಿಗೆ ಅದನ್ನು ನಂಬಿ ಚಕ್ರ ನಿಲ್ಲಿಸುತ್ತದೆ. ಮೀನುಗಳು ಉಸಿರುಗಟ್ಟಿ ಸಾಯುತ್ತವೆ.

ಹುಡುಗಿಯಾಗಿದ್ದಾಗ ಟಿವಿ ಕಾರ್ಖಾನೆಯಲ್ಲಿ ಬೆಸುಗೆ ಕಲಿತ ಲ್ವಾನಕ್ಕ, ಮದುವೆಯಾಗಿ ಈ ಉಪ್ಪುಗಾಳಿಯ ಊರಿಗೆ ಬಂದವರು. ಒಂದು ಕಾಲಕ್ಕೆ ಇಲ್ಲಿನ ಕೊಳಗಳಿಗೆಲ್ಲ ಅವರದೇ ಡಬ್ಬಿ. ಈಗ ಕಣ್ಣು ಮಂಜು. ಅದಕ್ಕೂ ಮಿಗಿಲಾದ ಪೆಟ್ಟು ಹೊಸ ಪೆಟ್ಟಿಗೆಗಳದು. ನಡುವೆ ಬೇರೆ ಏನಾದರೂ ಸೇರಿಸಿದರೆ ಗ್ಯಾರಂಟಿ ಇಲ್ಲ ಎಂದು ಮಾರುವವರು ಹೇಳಿದ್ದೇ ತಡ, ಒಬ್ಬೊಬ್ಬರೇ ಡಬ್ಬಿ ಕಿತ್ತರು. ಥಿಯೆನ್-ಫು ಕೂಡ.

"ಅವರದ್ದೂ ತಪ್ಪಲ್ಲ ಬಿಡಿ," ಎನ್ನುತ್ತಾರೆ ಲ್ವಾನಕ್ಕ, ಅವರ ಕೆಲಸದ ಬಗ್ಗೆ ಬರೆಯಲು ಬಂದಿರುವ ನನ್ನತ್ತ ತಿರುಗಿ. "ನನ್ನ ಡಬ್ಬಿ ಕೆಲಸ ಮಾಡಿದ್ರೆ ಏನೂ ಆಗಲ್ಲ. ಏನೂ ಆಗದೇ ಇದ್ದದ್ದನ್ನ ಯಾರಿಗೆ ತೋರಿಸಲಿ?"

ನನಗೆ ಸಿಟ್ಟು ಬರುತ್ತದೆ. ಅವರಿಗೆ ಸಿಟ್ಟೂ ಉಳಿದಿಲ್ಲ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಇಲ್ಲಿ ಅದನ್ನೂ ಹಾಕುವವರಿಲ್ಲ. ಪಕ್ಕದ ಕೊಳದಲ್ಲೂ ಅದೇ ಹೊಸ ಪೆಟ್ಟಿಗೆ ಇದೆ. ಲ್ವಾನಕ್ಕ ಬದುವಿನ ಮೇಲೆ ನಡೆದು ಹೋಗಿ, ಜೇಬಿನಿಂದ ಒಂದು ಡಬ್ಬಿ ತೆಗೆದು ತೋರಿಸುತ್ತಾರೆ.

"ದುಡ್ಡು ಬೇಡಮ್ಮಾ. ಹಾಕಿ ಹೋಗ್ತೀನಿ, ಇವತ್ತೂ ಗುಡುಗೋ ಹಾಗಿದೆ."

"ಬೇಡಕ್ಕಾ, ಗ್ಯಾರಂಟಿ ಹೋಗುತ್ತೆ," ಎನ್ನುತ್ತಾಳೆ ಅಲ್ಲಿಯ ಒಡತಿ, ಬಲು ಮರ್ಯಾದೆಯಿಂದಲೇ. "ಆಗಲೇ ಹೊಸ ಪೊಟ್ಟಣ ತಂದಿಟ್ಟಿದ್ದೀನಿ. ಮುಂದಿನ ವರ್ಷದವರೆಗೂ ತಾರೀಖಿದೆ."

ಲ್ವಾನಕ್ಕ ಹಿಂತಿರುಗುತ್ತಾರೆ. ಥಿಯೆನ್-ಫು ಬಲೆ ಬೀಸಿ ಸತ್ತ ಮೀನು ಎಳೆಯುತ್ತಿದ್ದಾನೆ. ಅವರೂ ಪ್ಯಾಂಟು ಮಡಚಿ ನೀರಿಗಿಳಿದು ಬಲೆಯ ಇನ್ನೊಂದು ತುದಿ ಹಿಡಿಯುತ್ತಾರೆ. ನಿಮಗೇನು ಆಸೆ ಎಂದು ದಡದಿಂದ ಕೇಳುತ್ತೇನೆ. ಲ್ವಾನಕ್ಕ ಬಲೆಯನ್ನು ದಡಕ್ಕೆಳೆದು ಹಾಕಿ ಹೇಳುತ್ತಾರೆ:

"ಮೀನು ಬದುಕಿರುವಾಗ ಒಂದ್ಸಲ ಯಾರಾದ್ರೂ ನನ್ನ ಕರೀಲಿ."