ಅಟ್ಟಣೆಯಿಂದ ಬಂದ ಹುಕುಂ

ದೆವ್ವ, ಭೂತಗಳ ವಿಷಯದಲ್ಲಿ ನಾನು ಅಪ್ಪಟ ಸೈನ್ಯದ ಮನುಷ್ಯ: ನಕ್ಷೆಯಲ್ಲಿ ಗುರುತು ಹಾಕಲಾಗದ್ದನ್ನು ನಂಬುತ್ತಿರಲಿಲ್ಲ. ಆದರೂ ಕೆಲವು ವರ್ಷಗಳ ಹಿಂದೆ ಲೊಕ್ಕನಹಳ್ಳಿಯ ಕಾಡಂಚಿನಲ್ಲಿ ನಡೆದದ್ದನ್ನು ನಡೆದಂತೆಯೇ ಹೇಳುತ್ತೇನೆ. ನಂಬಬೇಕೆಂಬ ಬಲವಂತವಿಲ್ಲ.

ನಮ್ಮ ಪ್ರಾದೇಶಿಕ ಕಮಾಂಡಿನ ಯುದ್ಧತಂತ್ರವೆಲ್ಲ ಗಡಿಯಾಚೆಯಿಂದ ದೊಡ್ಡ ಸೈನ್ಯ ಬರುತ್ತದೆಂಬ ಲೆಕ್ಕದಲ್ಲಿ ಬರೆದದ್ದು. ನಾಲ್ಕೈದು ಭಯೋತ್ಪಾದಕರು ಪೊದೆಯಲ್ಲಿ ಕೂತರೆ ಟ್ಯಾಂಕು ತಂದು ಏನು ಮಾಡುವುದು? ಅದಕ್ಕೇ ನಾನೊಂದು ಯೋಜನೆ ಮಂಡಿಸಿದೆ: ಸಣ್ಣ ತುಕಡಿಗಳು, ಸ್ಥಳದಲ್ಲೇ ತೀರ್ಮಾನ, ಕಣ್ಣು ಕಿವಿಗಳಾಗಿ ಊರಿನವರು. ಜನರಲ್ ಸಾಹೇಬರು ಅರೆಮನಸ್ಸಿನಿಂದ ಒಂದು ಅಣಕು ಕಾರ್ಯಾಚರಣೆಗೆ ಒಪ್ಪಿದರು. ನಮ್ಮದೇ ಕಮಾಂಡೊಗಳು ಭಯೋತ್ಪಾದಕರಾಗಿ ಕಾಡು ಸೇರುವುದು, ಸಂಜೆಯೊಳಗೆ ನಾವು ಹಿಡಿಯುವುದು. ತಪ್ಪಿದರೆ ನನ್ನ ಯೋಜನೆ ಕಪಾಟು ಸೇರುವುದು.

ಅಲ್ಲಿನ ಹೊಲಗಳಲ್ಲಿ ಆನೆ ಕಾಯಲು ಮರದ ಮೇಲೆ ಅಟ್ಟಣೆ ಕಟ್ಟಿರುತ್ತಾರೆ. ಒಬ್ಬ ಕೂಗಿದ್ದನ್ನು ಪಕ್ಕದ ಅಟ್ಟಣೆಯವನು ಕೂಗಿ ಮುಂದಕ್ಕೆ ದಾಟಿಸಲೇಬೇಕು. ಅದು ಕಾವಲಿನ ಕಟ್ಟಳೆ. ಗುಡ್ಡದ ಮರೆಯಲ್ಲಿ ನಮ್ಮ ವೈರ್‌ಲೆಸ್ ಮೌನವ್ರತ ಹಿಡಿದಿದ್ದರಿಂದ ಆ ಕೂಗನ್ನೇ ನೆಚ್ಚಿದೆ. ಪಾಪ, ಹಗಲಲ್ಲೂ ಹತ್ತಿ ಕೂರಲು ಕಾವಲಿನವರು ಒಪ್ಪಿದರು.

ಗುಡ್ಡವೆಲ್ಲ ಜಾಲಾಡಿ ಮಧ್ಯಾಹ್ನ ಕಳೆದರೂ ಸುಳಿವಿಲ್ಲ. ಜನರಲ್ ಗಡಿಯಾರ ನೋಡತೊಡಗಿದರು. ಆಗ ಕಾಡಿಗೆ ತಾಗಿದ ಕೊನೆಯ ಅಟ್ಟಣೆಯಿಂದ ಮುದಿ ದನಿಯೊಂದು ಕೇಳಿತು: "ಗುಡ್ಡ ಬುಟ್ಟಾಕ್ರಪ್ಪಾ, ಅಳ್ಳಕ್ಕಿಳೀರಿ." ಅಟ್ಟಣೆಯಿಂದ ಅಟ್ಟಣೆಗೆ ಮಾತು ದಾಟಿತು. ನಾವು ಹಳ್ಳಕ್ಕಿಳಿದೆವು. ಭಯೋತ್ಪಾದಕರು ಬಂದೂಕು ಪಕ್ಕಕ್ಕಿಟ್ಟು ಬುತ್ತಿ ಬಿಚ್ಚಿದ್ದರು. ಬಾಯಲ್ಲಿ ತುತ್ತಿರುವಾಗಲೇ ಶರಣಾದರು.

ಊರಿನವರು ಕುಣಿದರು, ಜನರಲ್ ಸಾಹೇಬರು ಮುದ್ದೆ ನುಂಗುವುದನ್ನು ಕಲಿತರು, ಯೋಜನೆ ಪಾಸಾಯಿತು. ಕೊನೆಯ ಅಟ್ಟಣೆಯಿಂದ ಕೂಗಿದವರಿಗೆ ಹೊದಿಸಲು ಕೊಳ್ಳೇಗಾಲದಿಂದ ರೇಷ್ಮೆ ಶಾಲು ತರಿಸಿ, ಕಾವಲಿನವರಲ್ಲಿ ಹಿರಿಯನಾದ ಮಾದಪ್ಪಣ್ಣನನ್ನು ವಿಚಾರಿಸಿದೆ.

"ಆ ಅಟ್ಟಣೇಲಿ ಯಾರವ್ರೆ ಸಾ? ಏಣಿನೇ ಆನೆ ಮುರ್ದಾಕದೆ. ನಿಮ್ಮೋರೇ ಯಾರೋ ಮರ ಅತ್ತವ್ರೆ ಅನ್ಕಂಡು ನಾವೂ ಕೂಗ್ದೋ" ಎಂದ. ಆಮೇಲೆ ಶಾಲು ನೋಡಿ, "ತಂದಿದ್ನ ಯಾಕೆ ವಾಪಸ್ ಒಯ್ತೀರಿ, ನಂಗೇ ಒದ್ಸಿ" ಎಂದ. ಹೊದಿಸಿದೆ.

ಸೆರೆಸಿಕ್ಕ ತಂಡದ ನಾಯಕ ಪಂಜಾಬಿನ ಹವಾಲ್ದಾರ, ಕನ್ನಡದ ಗಂಧವಿಲ್ಲದವನು. ಹಳ್ಳದಲ್ಲೇಕೆ ಕೂತೆಯೆಂದು ಗದರಿದೆ. ಅದೇ ಅಟ್ಟಣೆಯಿಂದ ಅಜ್ಜನೊಬ್ಬ ಅಪ್ಪಟ ಪಂಜಾಬಿಯಲ್ಲಿ, ಹಳ್ಳದಲ್ಲಿ ನೆರಳಿದೆ, ಉಂಡು ಹೋಗಿ ಮಕ್ಕಳೇ ಎಂದನಂತೆ. ಹಿರಿಯರ ಮಾತು ಮೀರುವುದು ಹೇಗೆ ಸಾಹೇಬ್ ಎಂದು ನನ್ನನ್ನೇ ಕೇಳಿದ.

ಹೋಗಿ, ಮುರಿದ ಏಣಿ ದಾಟಿ ಹಗ್ಗ ಹಿಡಿದು ಹತ್ತಿ ನೋಡಿದೆ. ಅಟ್ಟಣೆಯ ಮೇಲೆ ತರಗೆಲೆ ಬಿಟ್ಟರೆ ಏನೂ ಇರಲಿಲ್ಲ. ಎರಡೂ ಪಾಳೆಯಕ್ಕೆ ಒಬ್ಬನೇ ಹುಕುಂ ಕೊಟ್ಟ, ಎರಡೂ ಪಾಳೆಯ ಚಾಚೂ ತಪ್ಪದೆ ಪಾಲಿಸಿತು. ಇಡೀ ಸೇವಾವಧಿಯಲ್ಲಿ ನಾನು ಕಾಣದ ಶಿಸ್ತು ಅದು. ಆತ ಯಾವ ಕಮಾಂಡಿನವನೋ, ಇವತ್ತಿಗೂ ತಿಳಿದಿಲ್ಲ.