ಕಡ್ಡಿಯಕ್ಕನ ಇಪ್ಪತ್ತೆಂಟು ಕಡ್ಡಿಗಳು

ಬೆಳಗಿನ ಐದೂವರೆ. ಬೀದಿಯ ಅಂಗಡಿಗಳೆಲ್ಲ ಇನ್ನೂ ಮುಚ್ಚಿರುವಾಗ ಮೂಲೆಯ ಸೈಕಲ್ ರಿಪೇರಿ ಅಂಗಡಿಯ ಶಟರ್ ಮಾತ್ರ ಮೊಣಕಾಲೆತ್ತರಕ್ಕೆ ಎದ್ದಿದೆ. ಒಳಗೆ ಒಂದೇ ಬಲ್ಬು. ಅದರ ಕೆಳಗೆ ಕಬ್ಬಿಣದ ಸ್ಟ್ಯಾಂಡು, ಸ್ಟ್ಯಾಂಡಿನಲ್ಲಿ ಸೈಕಲ್ಲೊಂದರ ಹಿಂಬದಿ ಚಕ್ರ. ಟಯರಿನ ಮೇಲೆ ಒಣಗಿದ ಕೆಸರಿದೆ. ಮುಂದೆ ಸ್ಟೂಲಿನ ಮೇಲೆ ಕುಳಿತ ಐವತ್ತಮೂರರ ಹೆಂಗಸು ಎರಡೆರಡೇ ಕಡ್ಡಿಗಳನ್ನು ಜೋಡಿ ಹಿಡಿದು ಹಿಸುಕುತ್ತಾರೆ, ಕಣ್ಣು ಮುಚ್ಚಿ ಒಂದು ಗಳಿಗೆ ಕಾಯುತ್ತಾರೆ, ಮುಂದಿನ ಜೋಡಿಗೆ ಹೋಗುತ್ತಾರೆ. ಒಂದು ಕಡೆ ಮಾತ್ರ ಕೈ ನಿಲ್ಲುತ್ತದೆ. ಮತ್ತೆ ಹಿಸುಕುತ್ತಾರೆ. ಆಮೇಲೆ ಸೀಮೆಸುಣ್ಣದಲ್ಲಿ ಟಯರಿನ ಮೇಲೊಂದು ಸಣ್ಣ ಗುರುತು ಹಾಕುತ್ತಾರೆ.

ಇವರನ್ನು ಊರಿನ ಸೈಕಲ್ ಸವಾರರೆಲ್ಲ ಕರೆಯುವುದು ಕಡ್ಡಿಯಕ್ಕ ಎಂದು. ಚಕ್ರದ ಕಡ್ಡಿ ಕಟ್ಟುವುದರಲ್ಲಿ ಇವರನ್ನು ಮೀರಿಸಿದವರಿಲ್ಲ ಎಂಬುದು ಒಂದು ಕಾರಣ. ಮಾತೂ ಕಡ್ಡಿ ಮುರಿದ ಹಾಗೆ ಇರುತ್ತದೆಂಬುದು ಇನ್ನೊಂದು. ಸ್ಟ್ಯಾಂಡಿನಲ್ಲಿರುವ ಈ ಚಕ್ರ ಇವರೇ ಕಟ್ಟಿದ್ದು. ಕಾಲುವೆ ದಂಡೆಯ ಜಲ್ಲಿಯ ಮೇಲೆ ಮುನ್ನೂರು ಕಿಲೋಮೀಟರ್ ಉರುಳಿ ನಿನ್ನೆ ಸಂಜೆ ವಾಪಸ್ ಬಂದಿದೆ. ಕಡ್ಡಿಗಳು ಸಡಿಲಾಗಿದ್ದರೆ ಇನ್ನು ಮುಂದೆ ನಾನು ಚಕ್ರ ಕಟ್ಟುವುದಿಲ್ಲ, ಪಂಕ್ಚರ್ ಹಾಕಿಕೊಂಡು ಇರುತ್ತೇನೆ ಎಂದು ಅವರು ಮಗಳಿಗೆ ಮಾತು ಕೊಟ್ಟಿದ್ದಾರೆ.

ಹತ್ತೊಂಬತ್ತು ವರ್ಷ ಅವರು ಸೈಕಲ್ ಕಾರ್ಖಾನೆಯ ಚಕ್ರ ವಿಭಾಗದಲ್ಲಿದ್ದರು. ಪಾಳಿಗೆ ಮೂವತ್ತು ಚಕ್ರ. ಗೋಡೆಯ ಆಚೆ ತಗಡು ಬಡಿಯುವ ಯಂತ್ರಗಳು. ಆ ಸದ್ದಿನಲ್ಲೂ ಕಡ್ಡಿಯನ್ನು ಉಗುರಿನಿಂದ ಮೀಟಿ, ಹೊರಡುವ ನಾದದ ಮೇಲೆ ಬಿಗಿ ಎಷ್ಟಿದೆಯೆಂದು ತಿಳಿಯುವುದನ್ನು ಕಲಿತರು. ಕೊನೆಗೆ ಕಡ್ಡಿ ಬಿಗಿಯುವುದಕ್ಕೂ ಯಂತ್ರ ಬಂತು. “ನಾನು ಒಂದು ಚಕ್ರ ಕಟ್ಟೋ ಹೊತ್ತಿಗೆ ಅದು ಹನ್ನೆರಡು ಕಟ್ತಿತ್ತು. ಹನ್ನೆರಡರಲ್ಲಿ ಮೂರು ಸೊಟ್ಟ. ಆ ಮೂರನ್ನ ನೆಟ್ಟಗೆ ಮಾಡೋಕೆ ನನ್ನನ್ನೇ ಕರೀತಿದ್ರು. ಒಂದಿನ ಅದೂ ನಿಲ್ತು,” ಎನ್ನುತ್ತಾರೆ. ಕೆಲಸ ಬಿಟ್ಟು ಬರುವಾಗ ಜೊತೆಗೆ ಬಂದದ್ದು ಕಡ್ಡಿ ತಿರುಗಿಸುವ ಒಂದು ಕೀಲಿ ಮತ್ತು ಅರ್ಧ ಕೇಳದ ಎಡಕಿವಿ.

ಹದಿನಾಲ್ಕು ವರ್ಷದ ಹಿಂದೆ ತೆರೆದ ಈ ಅಂಗಡಿಗೆ ಈಗ ದಿನಕ್ಕೆ ಹತ್ತು ಹನ್ನೆರಡು ಸೈಕಲ್ ಬರುತ್ತವೆ. ಅದರಲ್ಲಿ ಅರ್ಧ ಗ್ರಾವೆಲ್ ಬೈಕ್. ರೇಸ್ ಸೈಕಲ್ಲಿನಂತೆ ಬಾಗಿದ ಹ್ಯಾಂಡಲ್, ಜಲ್ಲಿ ರಸ್ತೆಗೆ ಬೇಕಾದ ದಪ್ಪ ಟಯರು. ಕಡಿಮೆ ಬೆಲೆಯವೂ ಬಂದ ಮೇಲೆ ಕೊಳ್ಳುವವರು ಹೆಚ್ಚಿದ್ದಾರೆ. ಕೊಂಡ ವಾರಕ್ಕೇ ಹೊಳೆಯುವ ಪೆಡಲು, ಬಣ್ಣದ ಚೈನು ಹಾಕಿಸಲು ಬರುವವರೂ ಹೆಚ್ಚಿದ್ದಾರೆ. ಅವರನ್ನು ಕಡ್ಡಿಯಕ್ಕ ಬಂದ ದಾರಿಯಲ್ಲೇ ವಾಪಸ್ ಕಳಿಸುತ್ತಾರೆ. ಕೊಳ್ಳುವ ಮುಂಚೆಯೇ ಕೇಳಲು ಬರುವವರಿಗೆ ಅವರ ಉತ್ತರ ಒಂದೇ: “ಫ್ರೇಮ್ ನೋಡಿ, ಬ್ರೇಕ್ ನೋಡಿ, ದಪ್ಪ ಟಯರ್ ಹಿಡಿಸೋಕೆ ಜಾಗ ಇದೆಯಾ ನೋಡಿ. ಮೈಕಟ್ಟು ಗಟ್ಟಿ ಇದ್ರೆ ಒಡವೆ ಯಾವಾಗ ಬೇಕಾದ್ರೂ ಹಾಕ್ಬಹುದು.”

ಕೊಂಡ ಮೇಲೆ ಅಂಗಡಿಯ ಕಟ್ಟಳೆ ಶುರುವಾಗುತ್ತದೆ. ಮುನ್ನೂರು ಕಿಲೋಮೀಟರ್ ಓಡಿಸದೆ ಒಂದು ತಿರುಪೂ ಬದಲಾಗುವುದಿಲ್ಲ. ಓಡಿಸಿ, ಮೈಯಲ್ಲಿ ಎಲ್ಲೆಲ್ಲಿ ನೋಯುತ್ತದೆ ಎಂದು ಚೀಟಿಯಲ್ಲಿ ಬರೆದು ತರಬೇಕು. “ನೋವು ಹೇಳಿದ್ದನ್ನ ಬದಲಾಯಿಸ್ತೀನಿ. ಜಾಹೀರಾತು ಹೇಳಿದ್ದನ್ನಲ್ಲ.”

ಈಗ ಸ್ಟ್ಯಾಂಡಿನಲ್ಲಿರುವ ಚಕ್ರ ಅಂಥದೊಂದು ಚೀಟಿಯಿಂದ ಹುಟ್ಟಿದ್ದು. ಚೀಟಿ ತಂದವರು ಮನೆಮನೆಗೆ ಹೋಗಿ ರೋಗಿಗಳನ್ನು ನೋಡುವ ಒಬ್ಬ ನರ್ಸಮ್ಮ. ಕಾಲುವೆಯಾಚೆ ಹಾಸಿಗೆ ಹಿಡಿದ ಹನ್ನೊಂದು ಜನ ಇದ್ದಾರೆ. ಡಾಂಬರು ರಸ್ತೆ ಸುತ್ತಿದರೆ ಇಪ್ಪತ್ತೆರಡು ಕಿಲೋಮೀಟರ್, ದಂಡೆಯ ಜಲ್ಲಿಯಲ್ಲಿ ಒಂಬತ್ತು. ಅಂಗೈ ಜೋಮು ಹಿಡಿಯುತ್ತದೆ, ಕತ್ತು ನೋಯುತ್ತದೆ, ಏರಿನಲ್ಲಿ ಮಂಡಿ ಅಳುತ್ತದೆ ಎಂದು ಚೀಟಿಯಲ್ಲಿತ್ತು. ದಪ್ಪ ಟಯರಿಗೆ ಗಾಳಿ ಕಡಿಮೆ ಮಾಡಿದ್ದರಿಂದ ಅಂಗೈ, ಹ್ಯಾಂಡಲನ್ನು ಎರಡು ಬೆರಳು ಹತ್ತಿರ ತಂದದ್ದರಿಂದ ಕತ್ತು, ಹಿಂದೆ ದೊಡ್ಡ ಹಲ್ಲಿನ ಚಕ್ರ ಹಾಕಿದ್ದರಿಂದ ಮಂಡಿ ಸಮಾಧಾನವಾದವು. ನಾಲ್ಕನೆಯ ಸಾಲು ಉಳಿಯಿತು: ಹಿಂದಿನ ಚಕ್ರದ ಕಡ್ಡಿ ಎರಡು ಸಲ ಮುರಿದಿದೆ. ಅದಕ್ಕೆ ಹೊಸ ಚಕ್ರವನ್ನೇ ಕಟ್ಟಬೇಕಿತ್ತು. ಕಡ್ಡಿಯಕ್ಕ ಹಿಂದೆಗೆದದ್ದು ಅಲ್ಲಿಯೇ.

ಕಾರಣ ಕಳೆದ ವರ್ಷದ ಒಂದು ಚಕ್ರ. ಗಣಿತದ ಮೇಷ್ಟ್ರೊಬ್ಬರಿಗೆ ಕಟ್ಟಿಕೊಟ್ಟದ್ದು. ಸ್ಟ್ಯಾಂಡಿನಲ್ಲಿ ಗೆರೆ ಎಳೆದ ಹಾಗೆ ನೆಟ್ಟಗೆ ತಿರುಗಿತ್ತು. ಆದರೆ ಬಲಕಿವಿಯೂ ಮೋಸ ಮಾಡಲು ಶುರುವಾಗಿತ್ತು. ಮೀಟಿದಾಗ ಕೇಳಿದ ನಾದ ಸಾಕೆಂದುಕೊಂಡರು, ನಿಜಕ್ಕೂ ಕಡ್ಡಿಗಳೆಲ್ಲ ಒಂದೇ ಸಮ ಸಡಿಲವಾಗಿದ್ದವು. ಜಲ್ಲಿಯ ಮೇಲೆ ಎರಡೇ ವಾರಕ್ಕೆ ಚಕ್ರ ಓಲಾಡಿತು. ಮೇಷ್ಟ್ರು ಸೈಕಲ್ ಹೆಗಲ ಮೇಲೆ ಹೊತ್ತು ನಾಲ್ಕು ಕಿಲೋಮೀಟರ್ ನಡೆದು ಬಂದರು. “ಬೈಯಲಿಲ್ಲ ಅವರು. ಬೈದಿದ್ರೆ ಚೆನ್ನಾಗಿತ್ತು. ಹೋಗ್ಲಿ ಬಿಡಿ ಅಕ್ಕ, ವಯಸ್ಸಾಯ್ತಲ್ಲ ಅಂದ್ರು,” ಎಂದು ಹೇಳುವಾಗ ಕಡ್ಡಿಯಕ್ಕನ ಕೈ ಸುಮ್ಮನೆ ಕೀಲಿಯನ್ನು ತಿರುಗಿಸುತ್ತಿರುತ್ತದೆ.

ಲಿಫ್ಟ್ ರಿಪೇರಿ ಮಾಡುವ ಮಗಳು ಆ ವಾರವೇ ಕಡ್ಡಿಯ ಬಿಗಿ ಅಳೆಯುವ ಮೀಟರ್ ತಂದುಕೊಟ್ಟಳು. ತಾಯಿ ಅದನ್ನು ಡ್ರಾಯರಿಗೆ ತಳ್ಳಿದರು. ನಾಲ್ಕು ದಿನ ಮುನಿಸಿಕೊಂಡಿದ್ದು, ಐದನೆಯ ದಿನ ಹೊರತೆಗೆದರು, ಆದರೆ ಅಳೆಯುವುದಕ್ಕಲ್ಲ, ಕಿವಿಯ ಕೆಲಸವನ್ನು ಬೆರಳಿಗೆ ಕಲಿಸುವುದಕ್ಕೆ. ಕಿವಿಗೆ ಹತ್ತಿ ತುರುಕಿಕೊಂಡು ಒಂದು ಜೋಡಿ ಹಿಸುಕುವುದು, ಬಿಗಿ ಇಷ್ಟಿರಬೇಕೆಂದು ಟಯರಿನ ಮೇಲೆ ಅಂಕಿ ಬರೆಯುವುದು, ಆಮೇಲೆ ಮೀಟರ್ ಹಿಡಿದು ನೋಡುವುದು. ದಿನಕ್ಕೆ ಅರವತ್ತನಾಲ್ಕು ಕಡ್ಡಿ, ಏಳು ತಿಂಗಳು. ಮೊದಮೊದಲು ಹತ್ತಕ್ಕೆ ಎಂಟು ತಪ್ಪು. “ಅಮ್ಮ ಮೀಟರ್‌ಗೇ ಬೈತಿದ್ಳು, ಅದಕ್ಕೆ ಬುದ್ಧಿ ಇಲ್ಲ ಅಂತ,” ಎಂದು ಮಗಳು ನಗುತ್ತಾಳೆ.

ನರ್ಸಮ್ಮನ ಚಕ್ರವನ್ನು ಬೆರಳಿನ ಅಂದಾಜಿನಿಂದಲೇ ಕಟ್ಟಿ, ಮಗಳ ಕೈಗೆ ಮೀಟರ್ ಕೊಟ್ಟು, ಅಪಾಯ ಕಂಡರೆ ಮಾತ್ರ ಬಾಯಿಬಿಡು ಎಂದರು. ಮಗಳು ಎಲ್ಲ ಅಳೆದು, ಬರೆದು, ಲಕೋಟೆಗೆ ಹಾಕಿ ಅಂಟಿಸಿದಳು. ಏನೂ ಹೇಳಲಿಲ್ಲ. ಕಟ್ಟಿದ ದಿನ ಚಕ್ರ ಸರಿಯಿದ್ದರಾಯಿತೆ? ನೆಚ್ಚಿ ಕೂರಬಹುದೋ ಇಲ್ಲವೋ ಎಂದು ಹೇಳಬೇಕಾದದ್ದು ಜಲ್ಲಿ. ಕಡ್ಡಿಯಕ್ಕ ಸಂಗತಿಯನ್ನೆಲ್ಲ ನರ್ಸಮ್ಮನಿಗೂ ಮುಚ್ಚುಮರೆಯಿಲ್ಲದೆ ಹೇಳಿದರು. ಅವರು, ಹೊಸ ಔಷಧಿ ಕೊಟ್ಟರೆ ನಾನೂ ಮೂರು ವಾರ ಬಿಟ್ಟು ನೋಡೋಣ ಅನ್ನುತ್ತೇನೆ ಎಂದು ಹೇಳಿ ಸೈಕಲ್ ಹತ್ತಿದರಂತೆ.

ಈಗ ಆರು ಗಂಟೆ. ಹೊರಗೆ ಯಾರೋ ಶಟರ್ ಬಡಿಯುತ್ತಾರೆ. ಎರಡು ಸಲ, ಮೂರು ಸಲ. ಕಡ್ಡಿಯಕ್ಕ ತಿರುಗುವುದಿಲ್ಲ. ಕೊನೆಗೆ ನರ್ಸಮ್ಮನೇ ಬಗ್ಗಿ ಒಳಗೆ ಬರುತ್ತಾರೆ, ಹಿಂದೆಯೇ ಕೆಲಸದ ಬಟ್ಟೆಯಲ್ಲಿ ಮಗಳು. ನರ್ಸಮ್ಮ ಬೆಂಚಿನ ತುದಿಯಲ್ಲಿ ಕೂರುತ್ತಾರೆ. ಏಳಕ್ಕೆ ಮೊದಲ ರೋಗಿ ಕಾಯುತ್ತಿರುತ್ತಾರೆ. ಮಗಳು ಲಕೋಟೆ ಹರಿದು ಹಾಳೆಯನ್ನು ಮೊಣಕಾಲ ಮೇಲಿಟ್ಟುಕೊಂಡು, ಒಂದೊಂದೇ ಕಡ್ಡಿಗೆ ಮೀಟರ್ ಹಿಡಿಯುತ್ತಾಳೆ. ಹಾಳೆ ನೋಡುತ್ತಾಳೆ, ಮೀಟರ್ ನೋಡುತ್ತಾಳೆ. ತಾಯಿ ಎಣ್ಣೆ ಬಟ್ಟೆಯಲ್ಲಿ ಆಗಲೇ ಶುಚಿಯಾಗಿರುವ ಕೈಯನ್ನು ಒರೆಸಿಕೊಳ್ಳುತ್ತಾರೆ.

ಇಪ್ಪತ್ತೊಂದು. ಇಪ್ಪತ್ತೆರಡು. ಇಪ್ಪತ್ತಮೂರರಲ್ಲಿ ಮೀಟರ್ ನಿಲ್ಲುತ್ತದೆ. ಮಗಳು ತೆಗೆದು ಮತ್ತೆ ಹಿಡಿಯುತ್ತಾಳೆ. ಉಳಿದ ಐದನ್ನು ಮುಗಿಸಿ, ತಾಯಿಗೆ ತುಟಿ ಕಾಣುವ ಹಾಗೆ ಎದುರಿಗೆ ಬಂದು ನಿಲ್ಲುತ್ತಾಳೆ.

“ಇಪ್ಪತ್ತೇಳು ಅಲ್ಲಾಡಿಲ್ಲಮ್ಮ. ಒಂದು ಮಾತ್ರ ಚೂರು ಇಳಿದಿದೆ.”

“ಗೊತ್ತು. ಟಯರ್ ನೋಡು.”

ಇಪ್ಪತ್ತಮೂರನೆಯ ಕಡ್ಡಿಯ ನೇರಕ್ಕೆ, ಒಣ ಕೆಸರಿನ ಮೇಲೆ, ಬೆಳಗಿನ ಸೀಮೆಸುಣ್ಣದ ಗುರುತಿದೆ. ಮಗಳು ಅದನ್ನು ನೋಡಿ ಮೀಟರನ್ನು ಡಬ್ಬಿಗೆ ಹಾಕುತ್ತಾಳೆ. ಕಡ್ಡಿಯಕ್ಕ ಕೀಲಿಯನ್ನು ಕಾಲು ಸುತ್ತು ತಿರುಗಿಸಿ, ಒಮ್ಮೆ ಹಿಸುಕಿ, ಚಕ್ರವನ್ನು ಸೈಕಲ್ಲಿಗೆ ಏರಿಸುತ್ತಾರೆ. ಇನ್ನು ಹೆದರಬೇಡಿ, ಹೋಗಿಬನ್ನಿ ಎಂದು ನರ್ಸಮ್ಮನನ್ನು ಕಳಿಸಿ, ಶಟರನ್ನು ಪೂರ್ತಿ ಮೇಲೆತ್ತುತ್ತಾರೆ.

ಮುಂದೇನು ಆಸೆ ಎಂದು ಕೇಳಿದರೆ ಅವರು ಮಗಳ ಕಡೆ ತಿರುಗಿ ಹೇಳುತ್ತಾರೆ: “ಬಾಗಿಲ ಹೊರಗೆ ಒಂದು ಸ್ವಿಚ್, ಸ್ಟ್ಯಾಂಡಿನ ಮೇಲೆ ಇನ್ನೊಂದು ಬಲ್ಬ್ ಹಾಕ್ಕೊಡೆ. ಬಂದೋರು ಒತ್ತಿದ್ರೆ ಇಲ್ಲಿ ಹತ್ತಬೇಕು. ಚಕ್ರ ಕಟ್ಟೋವಾಗ ನನಗೆ ಯಾರು ಬಂದಿದ್ದೂ ಗೊತ್ತಾಗಲ್ಲ. ಜನ ಹೊರಗೆ ನಿಂತು ಕಾಯಬಾರದು.”